ಕ್ರೈಸ್ತರು ಹೇಳುವ ‘ದೇವರ ಕೃಪೆ’ ಎಂದರೆ ಏನು?

ಒಳ್ಳೆಯ ಕೆಲಸಕ್ಕೆ ದೇವರು ಕೊಡುವ ಪ್ರತಿಫಲವೇ ಕೃಪೆಯಾ ಎಂದು ಕೇಳಿದ್ದೀರಿ. ಅಲ್ಲ, ಹೆಚ್ಚುಕಮ್ಮಿ ಅದಕ್ಕೆ ತದ್ವಿರುದ್ಧ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ‘ಖಾರಿಸ್’. ಯೋಗ್ಯತೆ ಅಳೆಯದೆ ಕೊಟ್ಟ ಕೊಡುಗೆ ಎಂಬುದು ಅದರ ತಿರುಳು.

ಅದರಲ್ಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ದ್ರಾಕ್ಷಿತೋಟದ ಕಥೆ ನೋಡಿ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರಿಗೂ ಸಂಜೆ ಬಂದು ಒಂದೇ ತಾಸು ದುಡಿದವರಿಗೂ ಯಜಮಾನ ಕೊಡುವುದು ಪೂರ್ತಿ ದಿನಗೂಲಿ. ಅದೂ ಕೊನೆಗೆ ಬಂದವರಿಗೇ ಮೊದಲು! ಬೆಳಗಿನವರು ಗೊಣಗುತ್ತಾರೆ (ನಾವಾದರೂ ಗೊಣಗುತ್ತಿದ್ದೆವು ಬಿಡಿ). ಆದರೆ ಮಾತಾಡಿದ ಕೂಲಿಯಲ್ಲಿ ಅವರಿಗೆ ಒಂದು ಕಾಸೂ ಕಡಿಮೆಯಾಗಿಲ್ಲ. ಸಂಜೆಯವರನ್ನು ಅಷ್ಟು ಹೊತ್ತು ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಅಷ್ಟೇ.

ಹಾಗಾದರೆ ಸತ್ಕಾರ್ಯ ಬೇಡವೇ? 16ನೇ ಶತಮಾನದಲ್ಲಿ ಕಥೋಲಿಕ ಸಭೆಯನ್ನು ಪ್ರಶ್ನಿಸಿದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಕಾಲದಿಂದ ಜಗಳವಾಡಿದ ಪ್ರಶ್ನೆಯಿದು. 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ ಹಾದಿಯ ಲೂಥರನ್ನರೂ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದಲೇ, ಸತ್ಕಾರ್ಯ ಅದರ ಫಲ.

ಚರ್ಚಿನಲ್ಲಿ ಇದು ಕಾಣುವುದು ಪ್ರಭುಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ ಹೊತ್ತಿಗೆ. ತಲೆಮಾರುಗಳಿಂದ ಕ್ರೈಸ್ತರಾದವರಿಗೂ ನಿನ್ನೆ ದೀಕ್ಷಾಸ್ನಾನ ಪಡೆದವರಿಗೂ ಸಿಗುವುದು ಅದೇ ರೊಟ್ಟಿ. ಜಾತಿ ನೋಡಿ ಸಾಲು ಬೇರೆ ಮಾಡುವ ಕಡೆ ಮಾತ್ರ ಕೃಪೆ ಬರೀ ಉಪದೇಶದ ಮಾತು.