ಫಾರೆಸ್ಟ್, ಸಿಟಿ, ನ್ಯೂಕ್ಯಾಸಲ್: ದೊಡ್ಡ ಕ್ಲಬ್ ಯಾವುದೆಂಬ ಪ್ರಶ್ನೆಗೆ ನನ್ನ ಉತ್ತರ

ಗೆಳೆಯರೇ, ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ನಿಮ್ಮ ತಮ್ಮ ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ಈಚಿನ ವರ್ಷಗಳಲ್ಲಿ ಇಷ್ಟೊಂದು ಲೀಗ್ ಪ್ರಶಸ್ತಿ ಗೆದ್ದಿರುವಾಗ ಇಂಗ್ಲೆಂಡಿನಲ್ಲಿ ಅದಕ್ಕಿಂತ ದೊಡ್ಡ ಕ್ಲಬ್ ಇನ್ನಾವುದು ಎಂಬುದು ಅವರ ವಾದ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪ್ರಶಸ್ತಿಯಾದ ಯುರೋಪಿಯನ್ ಕಪ್ಪನ್ನು ಎರಡು ಬಾರಿ ಗೆದ್ದಿರುವ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಚರಿತ್ರೆಯ ದೃಷ್ಟಿಯಿಂದ ಸಿಟಿಗಿಂತ ದೊಡ್ಡದು ಎಂಬುದು ನಿಮ್ಮ ವಾದ. ಜೊತೆಗೆ, ಎಪ್ಪತ್ತು ವರ್ಷ ದೇಶದೊಳಗೆ ಒಂದು ದೊಡ್ಡ ಟ್ರೋಫಿಯನ್ನೂ ಎತ್ತದ ನ್ಯೂಕ್ಯಾಸಲ್ ಯುನೈಟೆಡನ್ನು ಎಲ್ಲರೂ ದೊಡ್ಡ ಕ್ಲಬ್ ಎಂದೇ ಏಕೆ ಕರೆಯುತ್ತಿದ್ದರು ಎಂದೂ ಕೇಳಿದ್ದೀರಿ. ಇದಕ್ಕೆ ಈವರೆಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಟ್ರೋಫಿಗಳ ಪಟ್ಟಿಯನ್ನು ಕೊಟ್ಟು ಕೈತೊಳೆದುಕೊಂಡಿವೆ. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಪಟ್ಟಿಯಿಂದ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಮೊದಲೆರಡಕ್ಕೆ ಸಿಕ್ಕರೂ ಅರೆಬರೆಯಾಗಿ ಸಿಗುತ್ತದೆ.

ನಾನು ಬಳಸುವ ಅಳತೆ ಬೇರೆ. ಒಂದು ಕ್ಲಬ್ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಅದರ ಅತಿ ಕೆಟ್ಟ ವರ್ಷವನ್ನು ಹುಡುಕಿ ತೆಗೆದು, ಆ ವರ್ಷ ಮೈದಾನಕ್ಕೆ ಎಷ್ಟು ಜನ ಬಂದರು, ಊರು ಅದನ್ನು ಹೇಗೆ ನಡೆಸಿಕೊಂಡಿತು ಎಂದು ನೋಡುತ್ತೇನೆ. ಮಳೆಗಾಲದಲ್ಲಿ ರಸ್ತೆಯ ಹೊಂಡವೂ ತುಂಬಿ ತುಳುಕುತ್ತದೆ. ಕೆರೆ ಯಾವುದೆಂದು ಗೊತ್ತಾಗುವುದು ಏಪ್ರಿಲ್ ತಿಂಗಳಲ್ಲಿ.

ನ್ಯೂಕ್ಯಾಸಲ್‌ನಿಂದಲೇ ಪ್ರಾರಂಭಿಸುತ್ತೇನೆ. ಅದು ಕೊನೆಯ ಬಾರಿ ಲೀಗ್ ಗೆದ್ದದ್ದು 1927ರಲ್ಲಿ, ಇಂಗ್ಲೆಂಡಿನ ಹಳೆಯ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಗೆದ್ದದ್ದು 1955ರಲ್ಲಿ. ಆ ಬಳಿಕ 2025ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಲಿವರ್‌ಪೂಲ್ ತಂಡವನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಗೆಲ್ಲುವ ತನಕ, ಯುರೋಪಿನ ಮಟ್ಟದ 1969ರ ಫೇರ್ಸ್ ಕಪ್ ಒಂದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಅದರ ಕೈಗೆ ಬರಲಿಲ್ಲ. ಆದರೂ 2009ರಲ್ಲಿ ಪಟ್ಟಿಯ ತಳದಲ್ಲಿ ಮುಗಿಸಿ ಒಂದು ಮೆಟ್ಟಿಲು ಕೆಳಗಿನ ಎರಡನೆಯ ಡಿವಿಷನ್ನಿಗೆ ಇಳಿದಾಗ ಸರಾಸರಿ 43 ಸಾವಿರ ಜನ ಪ್ರತಿ ಪಂದ್ಯಕ್ಕೆ ಬಂದರು. 2016ರಲ್ಲಿ ಮತ್ತೊಮ್ಮೆ ಇಳಿದಾಗ ಆ ಸರಾಸರಿ 50 ಸಾವಿರವನ್ನೂ ದಾಟಿತು. ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಹಿಡಿಸುವುದೇ ಸುಮಾರು 52 ಸಾವಿರ ಎಂಬುದನ್ನು ಗಮನಿಸಿ. ಇದಕ್ಕೆ ಒಂದು ಕಾರಣ ಭೂಗೋಳದಲ್ಲಿದೆ: ಇಡೀ ನಗರಕ್ಕೆ ಅದೊಂದೇ ದೊಡ್ಡ ಕ್ಲಬ್, ಮೈದಾನವೂ ಊರಾಚೆಯ ಬಯಲಿನಲ್ಲಿಲ್ಲದೆ ನಗರದ ನಡುವೆ ದಿಬ್ಬದ ಮೇಲೆ ಕೋಟೆಯ ಹಾಗೆ ನಿಂತಿದೆ. ಅಲ್ಲಿ ಹುಟ್ಟಿದ ಮಗುವಿಗೆ ಬೇರೆ ತಂಡವನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. 1996ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕರೆಯುತ್ತಿದ್ದರೂ ಗೋಲು ಹೊಡೆಯುವುದರಲ್ಲಿ ಹೆಸರಾದ ಅಲನ್ ಶಿಯರರ್ ಅಂದಿನ ವಿಶ್ವದಾಖಲೆಯಾದ 1.5 ಕೋಟಿ ಪೌಂಡ್ ಬೆಲೆಗೆ ತನ್ನೂರಿನ ಕ್ಲಬ್ಬಿಗೇ ಬಂದರು.

ಅದರ ನೆರೆಯ ಎದುರಾಳಿ ಸಂಡರ್‌ಲ್ಯಾಂಡ್‌ನ ಕತೆ ಇನ್ನೂ ಚೆನ್ನಾಗಿದೆ. ಆರು ಬಾರಿ ಲೀಗ್ ಗೆದ್ದಿದೆ, ಆದರೆ ಆರನೆಯದು 1936ರಲ್ಲಿ. 2017ರಲ್ಲಿ ಮೊದಲ ಡಿವಿಷನ್ನಾದ ಪ್ರೀಮಿಯರ್ ಲೀಗಿನಿಂದ, ಮರುವರ್ಷವೇ ಎರಡನೆಯ ಡಿವಿಷನ್ನಿನಿಂದ, ಒಂದರ ಬೆನ್ನಿಗೆ ಒಂದು ಮೆಟ್ಟಿಲು ಜಾರಿ ಮೂರನೆಯ ಡಿವಿಷನ್ನಿಗೆ ಬಿದ್ದಿತು. 2018ರ ಡಿಸೆಂಬರ್ 26ರಂದು, ಅಂದರೆ ಕ್ರಿಸ್‌ಮಸ್ ಮರುದಿನ, ಆ ಮೂರನೆಯ ಡಿವಿಷನ್ನಿನಲ್ಲಿ ಬ್ರಾಡ್‌ಫರ್ಡ್ ಸಿಟಿಯ ಎದುರಿನ ಪಂದ್ಯಕ್ಕೆ ಬಂದವರು 46,039 ಮಂದಿ. ಹಲವು ದೇಶಗಳ ಮೊದಲ ಡಿವಿಷನ್ನಿನ ಚಾಂಪಿಯನ್ ತಂಡಗಳಿಗೂ ಇಷ್ಟು ಜನ ಸೇರುವುದಿಲ್ಲ. ಟ್ರೋಫಿಯನ್ನೇ ಅಳತೆಗೋಲು ಮಾಡಿಕೊಂಡವರ ಲೆಕ್ಕದಲ್ಲಿ ಆ 46 ಸಾವಿರ ಜನಕ್ಕೆ ಜಾಗವೇ ಇಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಇನ್ನು ನಿಮ್ಮ ಫಾರೆಸ್ಟ್. ನಾಟಿಂಗ್‌ಹ್ಯಾಮ್ ಎಂದರೆ ನಮ್ಮ ಕ್ರಿಕೆಟ್ ಪ್ರಿಯರಿಗೆ ನೆನಪಾಗುವ ಟ್ರೆಂಟ್ ಬ್ರಿಡ್ಜ್ ಮೈದಾನದಿಂದ ಕೂಗಳತೆಯ ದೂರದಲ್ಲಿ ಫಾರೆಸ್ಟ್‌ನ ಸಿಟಿ ಗ್ರೌಂಡ್ ಇದೆ. ನದಿಯ ಆಚೆ ದಡದಲ್ಲಿ 1862ರ ನಾಟ್ಸ್ ಕೌಂಟಿ ಇದೆ. ಅದು ಜಗತ್ತಿನ ಅತ್ಯಂತ ಹಳೆಯ ವೃತ್ತಿಪರ ಕ್ಲಬ್ ಆಗಿಯೂ ಅದನ್ನು ಯಾರೂ ದೊಡ್ಡದೆನ್ನುವುದಿಲ್ಲವಾದ್ದರಿಂದ ಹಳಮೆಯ ವಾದವನ್ನು ಇಲ್ಲಿಯೇ ಬಿಟ್ಟುಬಿಡಬಹುದು. ಬ್ರಯನ್ ಕ್ಲಫ್ 1975ರ ಜನವರಿಯಲ್ಲಿ ಮ್ಯಾನೇಜರ್ ಆಗಿ ಬಂದಾಗ ಫಾರೆಸ್ಟ್ ಎರಡನೆಯ ಡಿವಿಷನ್ನಿನಲ್ಲಿ ತೆವಳುತ್ತಿತ್ತು. 1977ರಲ್ಲಿ ಮೇಲಕ್ಕೆ ಬಂದು, 1978ರಲ್ಲಿ ಲೀಗ್ ಗೆದ್ದು, 1979ರಲ್ಲಿ ಮ್ಯೂನಿಕ್‌ನಲ್ಲಿ ಮಾಲ್ಮೊ ತಂಡವನ್ನೂ 1980ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ತಂಡವನ್ನೂ 1-0ರಿಂದ ಸೋಲಿಸಿ ಯುರೋಪಿಯನ್ ಕಪ್ ಎತ್ತಿತು. ದೇಶದ ಲೀಗನ್ನು ಗೆದ್ದದ್ದಕ್ಕಿಂತ ಹೆಚ್ಚು ಸಲ ಯುರೋಪಿಯನ್ ಕಪ್ ಗೆದ್ದ ಕ್ಲಬ್ ಅದೊಂದೇ. ಫುಟ್‌ಬಾಲ್ ಕಂಡ ಅತಿ ದೊಡ್ಡ ಸಾಹಸಗಳಲ್ಲಿ ಅದೂ ಒಂದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಒಬ್ಬ ಮ್ಯಾನೇಜರ್ ಮತ್ತು ಅವರ ಜೊತೆಗಾರ ಪೀಟರ್ ಟೇಲರ್ ಸೇರಿ ಮಾಡಿದ ಸಾಹಸ, ಕ್ಲಬ್ಬಿನ ಗಾತ್ರದಿಂದ ತಾನಾಗಿ ಹೊಮ್ಮಿದ ಫಲವಲ್ಲ. ಕ್ಲಫ್ ಅವರ ಕೊನೆಯ ವರ್ಷವಾದ 1993ರಲ್ಲಿಯೇ ತಂಡ ಇಳಿಯಿತು, 1999ರಲ್ಲಿ ಮತ್ತೆ ಇಳಿದ ಬಳಿಕ ಪ್ರೀಮಿಯರ್ ಲೀಗಿಗೆ ಮರಳಲು 2022ರವರೆಗೆ ಕಾಯಬೇಕಾಯಿತು. ನಡುವೆ ಮೂರು ವರ್ಷ ಮೂರನೆಯ ಡಿವಿಷನ್ನಿನಲ್ಲಿದ್ದಾಗ ಸುಮಾರು 20 ಸಾವಿರ ಜನ ಬರುತ್ತಿದ್ದರು. ಇದು ಗೌರವದ ಸಂಖ್ಯೆಯೇ ಸರಿ, ಆದರೆ ಸಂಡರ್‌ಲ್ಯಾಂಡ್‌ನ ಸಾಲಿನದಲ್ಲ.

ಸಿಟಿಯನ್ನು ಇದೇ ಅಳತೆಗೆ ಹಚ್ಚಿದರೆ ಸಿಗುವ ಫಲ ನಿಮಗೆ ಇಷ್ಟವಾಗಲಾರದು. 1998ರಲ್ಲಿ ಸಿಟಿ ಮೂರನೆಯ ಡಿವಿಷನ್ನಿಗೆ ಬಿದ್ದು, ಆ ಡಿಸೆಂಬರಿನಲ್ಲಿ ಯಾರ್ಕ್ ಸಿಟಿಯಂಥ ಪುಟ್ಟ ತಂಡದ ಕೈಯಲ್ಲಿಯೂ ಸೋತು ಪಟ್ಟಿಯ ನಡುಮಧ್ಯಕ್ಕೆ ಕುಸಿದಿತ್ತು. ಅದೇ ನಗರದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆ ಸೀಸನ್ನಿನಲ್ಲಿ ಮೂರು ಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದಿತು. ಹೀಗೆ ನೆರೆಮನೆಯಲ್ಲಿ ಹಬ್ಬ ನಡೆಯುತ್ತಿದ್ದಾಗಲೂ ಮೈನ್ ರೋಡ್ ಮೈದಾನಕ್ಕೆ ಸರಾಸರಿ 28 ಸಾವಿರ ಜನ ಬಂದರು. ಅಬುಧಾಬಿಯ ಮಾಲೀಕರು ಸಿಟಿಯನ್ನು ಕೊಂಡು ಅವರ ಹಣ ಬಂದದ್ದು 2008ರಲ್ಲಿ, ಆದರೆ ಈ ಜನ ಅದಕ್ಕೂ ಹತ್ತು ವರ್ಷ ಮೊದಲು, ಒಂದು ಕಾಸಿನ ಆಸೆಯೂ ಇಲ್ಲದೆ ಬಂದವರು. ಆದ್ದರಿಂದ ಸಿಟಿಗೆ ಚರಿತ್ರೆಯೇ ಇಲ್ಲ ಎಂಬ ಹಂಗಿಸುವಿಕೆಯನ್ನು ನಾನು ಒಪ್ಪುವುದಿಲ್ಲ. ಸಿಟಿ ಮೊದಲಿನಿಂದಲೂ ಗೆಲ್ಲಲಾರದ ದೊಡ್ಡ ಕ್ಲಬ್ ಆಗಿತ್ತು, ಫಾರೆಸ್ಟ್ ತನ್ನ ಗಾತ್ರಕ್ಕೆ ಮೀರಿ ಗೆದ್ದ ಮಧ್ಯಮ ಕ್ಲಬ್ ಎಂಬುದು ನನ್ನ ತೀರ್ಪು.

ಹಣದ ಮಾತು ಬಂದದ್ದರಿಂದ ಒಂದೆರಡು ವಾಕ್ಯ. ಉಕ್ಕಿನ ಉದ್ಯಮಿ ಜಾಕ್ ವಾಕರ್ ಅವರ ಹಣದಿಂದ ಬ್ಲ್ಯಾಕ್‌ಬರ್ನ್ ರೋವರ್ಸ್ 1995ರಲ್ಲಿ ಲೀಗ್ ಗೆದ್ದಿತು, 1999ರಲ್ಲಿ ಕೆಳಗಿಳಿಯಿತು. ದೊಡ್ಡ ಪಾತ್ರೆಗೆ ಹಣ ಸುರಿದರೆ ಅದು ನಿಲ್ಲುತ್ತದೆ, ಸಣ್ಣದಕ್ಕೆ ಸುರಿದರೆ ಚೆಲ್ಲಿಹೋಗುತ್ತದೆ.

ನನ್ನ ಅಳತೆಗೂ ಮಿತಿಗಳಿವೆ, ಅವನ್ನು ಮುಚ್ಚಿಡುವುದಿಲ್ಲ. ಪ್ರೇಕ್ಷಕರ ಸಂಖ್ಯೆಯನ್ನು ನೋಡುವಾಗ ಮೈದಾನದಲ್ಲಿ ಎಷ್ಟು ಆಸನಗಳಿವೆ ಎಂಬುದನ್ನೂ ನೋಡಬೇಕು. ಚೆಲ್ಸಿಯ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಹಿಡಿಸುವುದು ಸುಮಾರು 40 ಸಾವಿರ, 2012ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಮೈದಾನಕ್ಕೆ ಬಂದು ಸೇರಿದ ವೆಸ್ಟ್ ಹ್ಯಾಮ್‌ಗೆ 60 ಸಾವಿರಕ್ಕೂ ಮೇಲೆ. ಹಾಗೆಂದು ವೆಸ್ಟ್ ಹ್ಯಾಮ್ ಚೆಲ್ಸಿಗಿಂತ ದೊಡ್ಡದಾಗಿಬಿಡುವುದಿಲ್ಲ. ಎಂದೂ ಕೆಳಗಿಳಿಯದ ರಿಯಲ್ ಮ್ಯಾಡ್ರಿಡ್‌ನಂಥ ಕ್ಲಬ್ಬಿಗೆ ಕೆಟ್ಟ ವರ್ಷವನ್ನು ಹುಡುಕುವುದೇ ಕಷ್ಟ, ಅಂಥದಕ್ಕೆ 15 ಯುರೋಪಿಯನ್ ಕಪ್‌ಗಳ ಪಟ್ಟಿಯೇ ಸಾಕು.

ಅಂಥ ಕಡೆ ಉಪಯೋಗಕ್ಕೆ ಬರುವ ಎರಡನೆಯ ಅಳತೆಯೆಂದರೆ ನಿರೀಕ್ಷೆ. ಒಂದೇ ಸ್ಥಾನ ಒಂದು ಊರಿನಲ್ಲಿ ಮೆರವಣಿಗೆಗೆ, ಇನ್ನೊಂದು ಊರಿನಲ್ಲಿ ಮ್ಯಾನೇಜರ್ ಮನೆಗೆ ಹೋಗುವುದಕ್ಕೆ ಕಾರಣವಾಗುತ್ತದೆ. 2024-25ರ ಸೀಸನ್ ಇದಕ್ಕೆ ಒಳ್ಳೆಯ ಉದಾಹರಣೆ. ಲೀಗಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 15ನೆಯ ಸ್ಥಾನದಲ್ಲಿಯೂ ಟಾಟನ್‌ಹ್ಯಾಮ್ 17ನೆಯ ಸ್ಥಾನದಲ್ಲಿಯೂ ಮುಗಿಸಿದವು. ಅವೇ ಎರಡು ತಂಡಗಳು ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಆಡಿದವು. ಟಾಟನ್‌ಹ್ಯಾಮ್ 1-0ರಿಂದ ಗೆದ್ದು 17 ವರ್ಷಗಳ ಬರವನ್ನು ಮುಗಿಸಿತು. ಆ ಟ್ರೋಫಿ ತಂದುಕೊಟ್ಟ ಮ್ಯಾನೇಜರ್ ಪೋಸ್ಟೆಕೊಗ್ಲೂ ಅವರನ್ನು ಎರಡು ವಾರ ಕಳೆದು ಒಂದೆರಡು ದಿನಗಳಲ್ಲಿ ಕೆಲಸದಿಂದ ತೆಗೆಯಲಾಯಿತು. ಸಣ್ಣ ಕ್ಲಬ್ಬಾಗಿದ್ದರೆ ಮೈದಾನದೆದುರು ಅವರ ಪ್ರತಿಮೆ ನಿಲ್ಲಿಸುತ್ತಿದ್ದರು.

ನಮ್ಮ ದೇಶದಲ್ಲಿ ಈ ಅಳತೆಯನ್ನು ಇಟ್ಟು ನೋಡಬೇಕೆಂದರೆ ಕೋಲ್ಕತ್ತಾಕ್ಕೆ ಹೋಗಬೇಕು. ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ 2004ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಮೇಲೆ ಎರಡು ದಶಕ ದೇಶದ ಲೀಗನ್ನು ಮತ್ತೆ ಗೆಲ್ಲಲಿಲ್ಲ. 2020ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿದ ಬಳಿಕ ಮೊದಲ ನಾಲ್ಕು ಸೀಸನ್ನುಗಳಲ್ಲಿ ಒಮ್ಮೆಯೂ ಒಂಬತ್ತನೆಯ ಸ್ಥಾನಕ್ಕಿಂತ ಮೇಲೆ ಬರಲಿಲ್ಲ, ಒಮ್ಮೆ ಕಟ್ಟಕಡೆಯದೂ ಆಯಿತು. ಆದರೂ ಅದೇ ನಗರದ ಎದುರಾಳಿ ಮೋಹನ್ ಬಗಾನ್ ಜೊತೆಗಿನ ಪಂದ್ಯದ ದಿನ ಆ ನಗರದಲ್ಲಿ ಬೇರೆ ಮಾತಿರುವುದಿಲ್ಲ, ಮನೆಯಲ್ಲಿ ಹಿಲ್ಸಾ ಮೀನೋ (ಈಸ್ಟ್ ಬೆಂಗಾಲ್ ಗೆದ್ದರೆ) ಸಿಗಡಿಯೋ (ಮೋಹನ್ ಬಗಾನ್ ಗೆದ್ದರೆ) ಎಂಬುದು ಇಂದಿಗೂ ಪಂದ್ಯದಿಂದಲೇ ತೀರ್ಮಾನವಾಗುತ್ತದೆ. ಇತ್ತ ಮೋಹನ್ ಬಗಾನ್ 2020ರಲ್ಲಿ ಅದೇ ನಗರದ ಎಟಿಕೆ ಎಂಬ ಕ್ಲಬ್ಬಿನೊಡನೆ ವಿಲೀನವಾದ ಮೇಲೆ ತಂಡ ಗೆಲ್ಲುತ್ತಲೇ ಇತ್ತು, ಆದರೆ ಹೆಸರಿನ ಮುಂದೆ ಬಂದು ಕುಳಿತ ಮೂರಕ್ಷರಗಳನ್ನು ತೆಗೆಯುವ ತನಕ ಅಭಿಮಾನಿಗಳು ಸುಮ್ಮನಾಗಲಿಲ್ಲ. 2023ರಲ್ಲಿ ಅವನ್ನು ತೆಗೆಯಲೇಬೇಕಾಯಿತು. ಗೆಲ್ಲುತ್ತಿರುವ ತಂಡದ ಮಾಲೀಕರನ್ನು ಹೆಸರಿನ ವಿಷಯಕ್ಕೆ ಮಣಿಸುವ ಶಕ್ತಿ ಜನರಿಗಿದ್ದರೆ ಆ ಕ್ಲಬ್ ದೊಡ್ಡದು.

ಬೆಂಗಳೂರಿನ ವಿಷಯದಲ್ಲಿ ನಾನು ಪಕ್ಷಪಾತಿ, ಆದರೂ ಹೇಳುತ್ತೇನೆ. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ಹಳೆಯ ಪಂದ್ಯಾವಳಿಯಾದ ರೋವರ್ಸ್ ಕಪ್ ಗೆದ್ದಿತ್ತು. ಇಂದು ಕಂಠೀರವಕ್ಕೆ ಬರುವ ಹುಡುಗರಲ್ಲಿ ಆ ಹೆಸರನ್ನು ಕೇಳಿದವರು ಬೆರಳೆಣಿಕೆಯಷ್ಟು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲಿಯೇ ಅಂದಿನ ರಾಷ್ಟ್ರೀಯ ಲೀಗಾದ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಆ ವರ್ಷಗಳ ಜಾತ್ರೆಯನ್ನು ನೋಡಿ ನಾವು ದೊಡ್ಡವರಾದೆವು ಎಂದು ನಾನೂ ನಂಬಿದ್ದೆ. ಬಳಿಕ 2023-24ರಲ್ಲಿ ತಂಡ ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿದ ಸೀಸನ್ನಿನ ಒಂದು ರಾತ್ರಿ ಕಂಠೀರವದಲ್ಲಿ ಕುಳಿತಿದ್ದೆ. ಓಟದ ಟ್ರ್ಯಾಕಿನ ಆಚೆ ಬದಿಯಲ್ಲಿ ಸಾಲುಸಾಲಾಗಿ ಆಸನಗಳು ಖಾಲಿಯಿದ್ದವು, ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನ ತಮಟೆ ಮಾತ್ರ ನಿಲ್ಲಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ತಮ್ಮ ಮಗನಿಗೆ ಎರಡು ಅಳತೆ ದೊಡ್ಡದಾದ ನೀಲಿ ಜೆರ್ಸಿ ತೊಡಿಸಿ ತೋಳನ್ನು ಮಡಿಸುತ್ತಿದ್ದರು, ಇನ್ನೆರಡು ವರ್ಷಕ್ಕೂ ಆಗಲಿ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನಮ್ಮದು ಇನ್ನೂ ದೊಡ್ಡ ಕ್ಲಬ್ ಅಲ್ಲ ಎಂಬುದೂ, ಆಗುವ ದಾರಿ ಅದೊಂದೇ ಎಂಬುದೂ ಆ ರಾತ್ರಿ ನನಗೆ ಒಟ್ಟಿಗೆ ತಿಳಿದವು.

ನೀವು ಮಾಡಬಹುದಾದದ್ದು ಇಷ್ಟು. ವಾದಕ್ಕೆ ಬಂದ ಎರಡು ಕ್ಲಬ್‌ಗಳ ಕಳೆದ 40 ವರ್ಷಗಳ ಅತಿ ಕೆಳಗಿನ ಸೀಸನ್ನನ್ನು ಹುಡುಕಿ, ಆಗ ಯಾವ ಡಿವಿಷನ್ನಿನಲ್ಲಿತ್ತು, ಮೈದಾನದ ಎಷ್ಟು ಪಾಲು ತುಂಬಿತ್ತು, ನಗರದಲ್ಲಿ ಬೇರೆ ಕ್ಲಬ್ ಇತ್ತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಟ್ರೋಫಿಗಳನ್ನು ಆಮೇಲೆ ಬರೆಯಿರಿ, ಅವು ಎಷ್ಟು ಬೇರೆ ಬೇರೆ ದಶಕಗಳಲ್ಲಿ ಬಂದವು ಎಂಬುದನ್ನು ಒಟ್ಟು ಸಂಖ್ಯೆಗಿಂತ ಮೇಲಿಡಿ. ನಿಮ್ಮ ತಮ್ಮನೊಡನೆ ಕೂರುವ ಮೊದಲು, 1999ರ ಮೇ 30ರಂದು ವೆಂಬ್ಲಿಯಲ್ಲಿ ಗಿಲಿಂಗ್‌ಹ್ಯಾಮ್ ಎದುರು ಎರಡು ಗೋಲು ಹಿಂದಿದ್ದ ಸಿಟಿ ಕೊನೆಯ ಗಳಿಗೆಯಲ್ಲಿ ಏನು ಮಾಡಿತು ಎಂದು ಅವರನ್ನು ಕೇಳಿ. ಅವರಿಗೆ ಗೊತ್ತಿದ್ದರೆ ವಾದವನ್ನು ಬಿಟ್ಟುಕೊಡಿ. ಗೊತ್ತಿಲ್ಲದಿದ್ದರೆ ಆ ಪಂದ್ಯವನ್ನು ಇಬ್ಬರೂ ಕುಳಿತು ನೋಡಿ.