ಪದ್ಯದಿಂದ ಜಗಳ ನಿಲ್ಲುತ್ತಾ?

ಹಾವೇರಿ ಕಡೆಯ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ಮನುಷ್ಯಜಾತಿ ಒಂದೇ ಎಂದು ಪಂಪ ಬರೆದು ಸಾವಿರ ವರ್ಷ ದಾಟಿತು. ಜಗಳ ನಿಂತಿದೆಯೇ? ಇಂಥ ಪದ್ಯಗಳನ್ನು ಇನ್ನೂ ಯಾಕೆ ಅಚ್ಚು ಹಾಕುತ್ತೀರಿ?’

ನಿಮ್ಮ ಸಿಟ್ಟಿನಲ್ಲಿ ಅರ್ಧ ನಮ್ಮದೂ ಹೌದು. ಆಗಸ್ಟ್ ಬಂತೆಂದರೆ ನಮ್ಮ ಕಚೇರಿಗೆ ಸೌಹಾರ್ದದ ಪದ್ಯಗಳು ರಾಶಿ ಬೀಳುತ್ತವೆ. ರಾಮನಿಗೆ ರಹೀಮ ಪ್ರಾಸ, ಕೊನೆಗೆ ‘ನಾವೆಲ್ಲ ಒಂದೇ’. ಅವುಗಳಲ್ಲಿ ಜಾಸ್ತಿ ವಾಪಸ್ ಹೋಗುತ್ತವೆ. ಒಳ್ಳೆಯ ಮಾತು ಹೇಳಿದ ಮಾತ್ರಕ್ಕೆ ಪದ್ಯ ಆಗಿಬಿಡಲ್ಲ, ಅಲ್ವಾ?

ಆದರೆ ನಮ್ಮ ಹಳಬರು ‘ಎಲ್ಲ ಒಂದೇ’ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ನೋಡಿ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಪುಸ್ತಕ ಅದು. ಪದ್ಯ ಬರೆಯುವುದು ಹೇಗೆಂದು ಕಲಿಸುವ ಆ ಪುಸ್ತಕದಲ್ಲಿ, ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ಚಿನ್ನ ಎಂಬ ಮಾತಿದೆ. ಬೇರೆಯವರ ಧರ್ಮ ಅಲ್ಲಿ ಬೇರೆಯಾಗಿಯೇ ಉಳಿಯುತ್ತದೆ. ಅದನ್ನು ಕರಗಿಸಿ ನಮ್ಮದರೊಳಗೆ ಬೆರೆಸಿಕೊಳ್ಳಿ ಎಂದು ಯಾರೂ ಹೇಳಿಲ್ಲ. ನನಗಂತೂ ಇದು ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ನಿಮ್ಮ ಪಕ್ಕದಲ್ಲೇ ಇರುವ ಶಿಶುನಾಳದ ಸಂತಕವಿ ಶರೀಫರ (1819–1889) ವಿಷಯಕ್ಕೆ ಬರುತ್ತೇನೆ. ಕಳಸದ ಗೋವಿಂದ ಭಟ್ಟರು ಈ ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರು, ಎರಡೂ ಕಡೆಯವರು ತಿರುಗಿಬಿದ್ದರು ಎಂದು ಜನ ಹೇಳುತ್ತಾರೆ. ಶರೀಫರು ಆ ಜನಿವಾರದ ಬಗ್ಗೆಯೇ ಹಾಡು ಕಟ್ಟಿದರು. ಹಾಗಂತ ಮೊಹರಂ ಬಿಡಲಿಲ್ಲ. ಹುಸೇನರು ಮಡಿದ ಕರ್ಬಲಾ ಯುದ್ಧದ ಕಥೆಯನ್ನು ಕನ್ನಡದಲ್ಲಿ ರಿವಾಯತ್ ಪದ, ಅಂದರೆ ಮೊಹರಂ ಹಾಡು, ಮಾಡಿ ಹಾಡಿದರು. ಗುರುವೂ ಬೇಕು, ಪ್ರವಾದಿಯ ಮೊಮ್ಮಕ್ಕಳಾದ ಹಸನ್ ಹುಸೇನರೂ ಬೇಕು. ಅವರಿಗೆ ಸೌಹಾರ್ದ ಅನ್ನುವುದು ಬರೆಯಲು ಸಿಕ್ಕ ವಿಷಯವಾಗಿರಲಿಲ್ಲ. ದಿನಾ ಕೂಡುವ ಮಂದಿ ಹಾಗಿದ್ದರು, ಪದವೂ ಹಾಗೇ ಬಂತು. ನಮಗೆ ಪದ್ಯ ಕಳಿಸುವವರಲ್ಲಿ ಎಷ್ಟು ಜನಕ್ಕೆ ಪಕ್ಕದ ಮನೆಯ ಹಬ್ಬ ಯಾವತ್ತು ಎಂದು ಗೊತ್ತಿದೆಯೋ!

ಇನ್ನು, ಪದ್ಯದಿಂದ ಏನಾಗುತ್ತದೆ ಎಂಬ ನಿಮ್ಮ ಪ್ರಶ್ನೆ. ಉತ್ತರ ಕರ್ನಾಟಕದಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಮೊಹರಂಗೆ ಅಲಾಯಿ ದೇವರು, ಅಂದರೆ ಹಸನ್ ಹುಸೇನರ ಹೆಸರಿನ ಪಂಜಾಗಳು, ಕೂರುತ್ತವೆ. ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಹೆಜ್ಜೆ ಕುಣಿಯುತ್ತಾರೆ. ಹಸನ್ ಹುಸೇನರ ಸಾವಿಗೆ ಹಿಂದೂಗಳೇ ಕಣ್ಣೀರಿಟ್ಟು ಹಾಡುತ್ತಾರೆ. ಆ ಹಾಡು ಅರಬ್ಬಿಯಲ್ಲಿಲ್ಲ, ನಮ್ಮ ಕನ್ನಡದಲ್ಲೇ ಇದೆ. ದೂರದ ಇರಾಕಿನ ಕರ್ಬಲಾದಲ್ಲಿ ನಡೆದ ಹುಸೇನರ ಸಾವು ಇಲ್ಲಿನವರಿಗೆ ತಮ್ಮ ಮನೆಯ ಸಾವು ಅನಿಸುವುದರಲ್ಲಿ ಪದ ಕಟ್ಟಿದವರ ಪಾಲು ದೊಡ್ಡದು. ಗಲಭೆ ತಡೆಯುವ ಶಕ್ತಿ ಈ ಪದಗಳಿಗಿದೆ ಎಂದು ನಾನು ಹೇಳಲಾರೆ. ಅದು ಪೊಲೀಸರ, ಊರ ಹಿರಿಯರ ಕೆಲಸ. ಆದರೆ ವರ್ಷಕ್ಕೊಮ್ಮೆ ಹತ್ತು ದಿನ ಊರು ಒಂದೆಡೆ ಸೇರಲು ಅವು ನೆಪವಾಗಿವೆ. ಭಾಷಣ ಕೇಳಲು ಯಾರೂ ಅಷ್ಟು ದಿನ ಬರುವುದಿಲ್ಲ.

ಹಾಗಾಗಿ ಇಂಥವನ್ನು ಅಚ್ಚು ಹಾಕುತ್ತಲೇ ಇರುತ್ತೇವೆ, ಆರಿಸಿ. ನಿಮ್ಮೂರಲ್ಲಿ ಮೊಹರಂ ಪದ ಹಾಡುವವರಿದ್ದರೆ ದಯವಿಟ್ಟು ಬರೆದುಕೊಂಡು ಕಳಿಸಿ. ಹಾಡಿದವರನ್ನು ಕೇಳಿ, ಅವರು ಒಪ್ಪಿದರೆ ಹೆಸರನ್ನೂ ಸೇರಿಸಿ. ಅವರ ಬಾಯಲ್ಲಿ ಬಂದ ಮಾತನ್ನು ಮಾತ್ರ ಸುಮ್ನೆ ತಿದ್ದಲು ಹೋಗಬೇಡಿ.

– ಸಂಪಾದಕ