ಇಲಿಮರಿಗಳು ಬೆಳೆಯದಿದ್ದರೆ ಅದು ಪ್ರೊಟೀನ್‌ನಿಂದಲೋ, ನಾರಿನಿಂದಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಹಾಲು ಬಿಟ್ಟ ಇಲಿಮರಿಗಳನ್ನು ಎರಡು ಗುಂಪು ಮಾಡಿದಿರಿ. ಒಂದಕ್ಕೆ ಹಾಲಿನ ಪ್ರೊಟೀನ್ ಕೇಸಿನ್ ಕೊಟ್ಟಿರಿ, ಇನ್ನೊಂದಕ್ಕೆ ಗೋಧಿಯ ಪ್ರೊಟೀನ್ ಗ್ಲುಟೆನ್ ಮತ್ತು ಬೂಸಾ. ಎರಡರಲ್ಲೂ ಪ್ರೊಟೀನ್ ಶೇ. 20. ನಾಲ್ಕು ವಾರದ ಹೊತ್ತಿಗೆ ಎರಡನೇ ಗುಂಪು ತೂಕದಲ್ಲಿ ಬಹಳ ಹಿಂದೆ ಬಿತ್ತು. ನಾರು ಜಾಸ್ತಿಯಾಗಿದ್ದಕ್ಕೇ ಹೀಗಾಯಿತಾ ಎಂದು ಕೇಳಿದ್ದೀರಿ.

ನಾರಿಗಿಂತ ಮೊದಲು ನಾನು ಲೈಸಿನ್ ಮೇಲೆ ಅನುಮಾನ ಪಡುತ್ತೇನೆ. ಅದು ಪ್ರೊಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಒಂದು. ಕೇಸಿನ್ ಪ್ರೊಟೀನ್‌ನಲ್ಲಿ ಲೈಸಿನ್ ಸುಮಾರು ಶೇ. 7ರಿಂದ 8 ಇರುತ್ತದೆ. ಗ್ಲುಟೆನ್‌ನಲ್ಲಿ ಶೇ. 2ಕ್ಕೂ ಕಡಿಮೆ. ನಿಮ್ಮ ಶೇ. 20 ಪ್ರೊಟೀನ್ ಪೂರ್ತಿ ಗ್ಲುಟೆನ್‌ನದ್ದೇ ಆದರೆ, ಆಹಾರದಲ್ಲಿ ಲೈಸಿನ್ ಶೇ. 0.4 ಕೂಡ ಮುಟ್ಟುವುದಿಲ್ಲ. ಬೆಳೆಯುವ ಮರಿಗೆ ಬೇಕಾಗಿರುವುದು ಸುಮಾರು ಶೇ. 0.9. ಬೇಕಾದದ್ದರಲ್ಲಿ ಅರ್ಧವೂ ಸಿಗದ ಮರಿ ಹೇಗೆ ತಾನೇ ಬೆಳೆಯುತ್ತದೆ? ಒಂದು ಅಮೈನೊ ಆಮ್ಲ ಸಾಲದೇ ಹೋದರೆ ಉಳಿದವು ಎಷ್ಟಿದ್ದರೂ ಮೈಗೆ ಹತ್ತುವುದಿಲ್ಲ. ಸುಮ್ನೆ ಒಡೆದು, ಅವುಗಳ ಸಾರಜನಕ ಮೂತ್ರದಲ್ಲಿ ಹೋಗುತ್ತದೆ.

ಇದು ಹಳೆಯ ಪಾಠ. 1914ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಆಸ್‌ಬೋರ್ನ್ ಮತ್ತು ಮೆಂಡೆಲ್ ಇಲಿಗಳ ಆಹಾರದಲ್ಲಿ ಪ್ರೊಟೀನ್ ಆಗಿ ಮೆಕ್ಕೆಜೋಳದ ಝೀನ್ ಒಂದನ್ನೇ ಕೊಟ್ಟರು. ಇಲಿಗಳು ಸೊರಗಿದವು. ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೊ ಆಮ್ಲ ಸೇರಿಸಿದಾಗ ತೂಕ ಇಳಿಯುವುದು ನಿಂತಿತು, ಆದರೆ ಏರಲಿಲ್ಲ. ಲೈಸಿನ್ ಕೂಡ ಸೇರಿಸಿದ ಮೇಲೆ ಬೆಳೆಯತೊಡಗಿದವು. ಇಷ್ಟು ಸ್ವಚ್ಛವಾದ ಪ್ರಯೋಗ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಂತ ನಾರಿನ ಪಾತ್ರವೇ ಇಲ್ಲ ಎನ್ನುತ್ತಿಲ್ಲ. ಆದರೆ ನಾರು ಅಂದರೆ ಒಂದೇ ವಸ್ತುವಲ್ಲ. ಸೆಲ್ಯುಲೋಸ್ ಇಲಿಯ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಹಾಗೇ ಸಾಗಿಹೋಗುತ್ತದೆ. ಅದು ಆಹಾರದ ಶಕ್ತಿಯನ್ನು ತೆಳುವಾಗಿಸುತ್ತದೆ, ಅಷ್ಟೇ. ಇಲಿ ಆ ಕೊರತೆ ತುಂಬಿಕೊಳ್ಳಲು ಜಾಸ್ತಿ ತಿನ್ನುತ್ತದೆ. ಬೆಳೆಯುವ ಇಲಿಗಳಿಗೆಂದು ರೂಪಿಸಿದ ಎಐಎನ್-93ಜಿ ಆಹಾರದಲ್ಲೇ ಶೇ. 5 ಸೆಲ್ಯುಲೋಸ್ ಇದೆ, ಮರಿಗಳು ಅದರಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ. ತುಂಬಾ ಹೆಚ್ಚಿಸಿದರೆ ಮಾತ್ರ ಪುಟ್ಟ ಮರಿಯ ಹೊಟ್ಟೆಗೆ ಅಷ್ಟೊಂದು ಹಿಡಿಸುವುದಿಲ್ಲ. ಪೆಕ್ಟಿನ್, ಗುವಾರ್ ಗಮ್ ಬೇರೆ ಜಾತಿ. ಅವು ಕರುಳಿನಲ್ಲಿ ಅಂಟಂಟಾಗಿ ನಿಂತು ಹೀರಿಕೆ ನಿಧಾನ ಮಾಡುತ್ತವೆ, ಮರಿಗಳ ತಿನ್ನುವಿಕೆಯನ್ನೂ ತಗ್ಗಿಸಬಹುದು.

ಹಾಗಾಗಿ ತೂಕ ನೋಡುವ ಮೊದಲು ತಿಂದ ಲೆಕ್ಕ ನೋಡಿ. ನಿಮ್ಮ ಉತ್ತರದ ಬಹುಪಾಲು ಅಲ್ಲೇ ಇದೆ. ಎರಡನೇ ಗುಂಪು ಜಾಸ್ತಿ ತಿಂದೂ ಬೆಳೆಯದಿದ್ದರೆ ಆಹಾರ ತೆಳುವಾಗಿರಬಹುದು. ಕಡಿಮೆ ತಿಂದಿದ್ದರೆ ಲೈಸಿನ್ ಕೊರತೆಯ ಕಡೆಗೆ ನೋಡಿ. ಅಮೈನೊ ಆಮ್ಲಗಳ ಹೊಂದಾಣಿಕೆ ತಪ್ಪಿದ ಆಹಾರವನ್ನು ಇಲಿಗಳು ತಾವಾಗಿಯೇ ಕಡಿಮೆ ತಿನ್ನುತ್ತವೆ. ಚೆಲ್ಲಿದ ಪುಡಿಯನ್ನು ಕಳೆದೇ ಲೆಕ್ಕ ಹಾಕಿ. ನಾನು ವಿದ್ಯಾರ್ಥಿಯಾಗಿದ್ದಾಗ ಪಂಜರದ ಕೆಳಗೆ ಬಿದ್ದಿದ್ದನ್ನು ತೂಗಿರಲಿಲ್ಲ. ಒಂದು ಗುಂಪು ಹೊಟ್ಟೆಬಾಕ ಎಂದೇ ಬರೆದುಕೊಂಡಿದ್ದೆ. ಆರು ವಾರದ ಕೆಲಸ ಮತ್ತೆ ಮಾಡಬೇಕಾಯಿತು, ಅಷ್ಟು ಮರಿಗಳ ಜೀವವೂ ವ್ಯರ್ಥವಾಯಿತು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹಿಕ್ಕೆಯ ಸಾರಜನಕ (ಪ್ರೊಟೀನ್ ಲೆಕ್ಕಕ್ಕೆ ಅಳೆಯುವುದು ಇದನ್ನೇ) ಅಳೆದಿದ್ದರೆ ಅದನ್ನೂ ಹುಷಾರಾಗಿ ಓದಿ. ಹುದುಗು ಬರುವ ನಾರು ಇದ್ದಾಗ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಬೆಳೆದು ಸಾರಜನಕ ಹಿಡಿದುಕೊಳ್ಳುತ್ತವೆ. ಅದು ಹಿಕ್ಕೆಯಲ್ಲಿ ಬಂದಾಗ ಪ್ರೊಟೀನ್ ಜೀರ್ಣವೇ ಆಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಆ ಸಾರಜನಕವೆಲ್ಲ ಜೀರ್ಣವಾಗದೆ ಉಳಿದ ಪ್ರೊಟೀನ್‌ದಲ್ಲ.

ಇನ್ನೊಂದು ತೊಡಕು ಬೂಸಾದ್ದು. ಅದು ಬರೀ ನಾರಲ್ಲ. ಅದರಲ್ಲಿ ಪ್ರೊಟೀನ್ ಇದೆ, ಆ ಪ್ರೊಟೀನ್‌ನಲ್ಲಿ ಗ್ಲುಟೆನ್‌ಗಿಂತ ಲೈಸಿನ್ ಹೆಚ್ಚು. ಜೊತೆಗೆ ಫೈಟೇಟ್ ಇದೆ, ಅದು ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸತು ಕೊರತೆಯಾದರೂ ಮರಿಗಳ ಹಸಿವು, ಬೆಳವಣಿಗೆ ಎರಡೂ ಕುಗ್ಗುತ್ತವೆ. ಒಂದೇ ಚೀಲದಲ್ಲಿ ಮೂರು ಬದಲಾವಣೆ ಬಂದಂತಾಯಿತು.

ಮತ್ತೆ ಮಾಡುವುದಾದರೆ ಬೂಸಾ ಬಿಟ್ಟು ಶುದ್ಧ ಸೆಲ್ಯುಲೋಸ್ ತೆಗೆದುಕೊಳ್ಳಿ. ನಾಲ್ಕು ಗುಂಪು ಮಾಡಿ: ಕೇಸಿನ್‌ಗೆ ಕಡಿಮೆ ನಾರು, ಹೆಚ್ಚು ನಾರು, ಗ್ಲುಟೆನ್‌ಗೂ ಹಾಗೆಯೇ. ಸಾಧ್ಯವಾದರೆ ಗ್ಲುಟೆನ್‌ಗೆ ಲೈಸಿನ್ ಬೆರೆಸಿದ ಐದನೇ ಗುಂಪು ಇಡಿ. ಆ ಮರಿಗಳು ಚೇತರಿಸಿಕೊಂಡರೆ ನಿಮ್ಮ ಪ್ರಶ್ನೆಗೆ ಅವೇ ಉತ್ತರ ಕೊಟ್ಟಂತೆ. ಪ್ರೊಟೀನ್ ಗುಣಮಟ್ಟವನ್ನೇ ಅಳೆಯಬೇಕಿದ್ದರೆ ಆಹಾರದಲ್ಲಿ ಶೇ. 20 ಪ್ರೊಟೀನ್ ಇಟ್ಟದ್ದು ಜಾಸ್ತಿಯಾಯಿತು. ತಿಂದ ಪ್ರತಿ ಗ್ರಾಂ ಪ್ರೊಟೀನ್‌ಗೆ ಎಷ್ಟು ಗ್ರಾಂ ತೂಕ ಏರಿತು ಎಂದು ನೋಡುವ ಹಳೆಯ ಪಿಇಆರ್ ಪರೀಕ್ಷೆಯಲ್ಲಿ ಶೇ. 10 ಇಟ್ಟು 28 ದಿನ ಸಾಕುತ್ತಾರೆ. ಪ್ರೊಟೀನ್ ಧಾರಾಳವಾಗಿದ್ದರೆ ಸಾಧಾರಣ ಪ್ರೊಟೀನ್ ಕೂಡ ಒಳ್ಳೆಯದರಂತೆ ಕಾಣುತ್ತದೆ.

ಹೊಸ ಮರಿಗಳನ್ನು ತರಿಸುವ ಮೊದಲು ಹಳೆಯ ನೋಟ್‌ಬುಕ್ ತೆಗೆದು ವಾರವಾರದ ತಿಂದ ಲೆಕ್ಕ ಇಲ್ಲಿ ಹಾಕಿ. ಒಟ್ಟಿಗೆ ಕೂತು ನೋಡೋಣ.